ಹೈರಿಡ್ಜ್ ಬಿಟ್ಟು ಹೊರಟವರ ಪೆನ್ಷನ್

ನೈರೋಬಿಯ ನಮ್ಮ ಹೈರಿಡ್ಜ್‌ನಲ್ಲಿ ಮನೆ ಖಾಲಿ ಮಾಡಿ ಊರಿಗೆ ಹೊರಡುವವರು ಸಾಮಾನನ್ನೆಲ್ಲ ತಿಂಗಳೊಳಗೆ ವಿಲೇವಾರಿ ಮಾಡಿಬಿಡುತ್ತಾರೆ. ಫ್ರಿಜ್ಜು, ಸೋಫಾ ಪಕ್ಕದ ಫ್ಲ್ಯಾಟಿನವರಿಗೆ. ಗ್ರೈಂಡರು ಹೊಸದಾಗಿ ಮದುವೆಯಾಗಿ ಬಂದ ಹುಡುಗಿಗೆ. ದೇವರ ಮೂರ್ತಿಗಳು ಕೈಚೀಲದಲ್ಲಿ ವಿಮಾನ ಹತ್ತುತ್ತವೆ. ಹಿಂದೆ ಉಳಿಯುವುದು ಪೆನ್ಷನ್ ಒಂದೇ. ಇಪ್ಪತ್ತು ಮೂವತ್ತು ವರ್ಷ ಸಂಬಳದಿಂದ ಮುರಿದಿಟ್ಟ ದುಡ್ಡು ನೈರೋಬಿಯ ಯಾವುದೋ ನಿಧಿಯಲ್ಲಿ ಕುಳಿತಿರುತ್ತದೆ, ಅದರ ಒಡೆಯ ಕಾರ್ಕಳದಲ್ಲೋ ಮೈಸೂರಿನಲ್ಲೋ ಹುಬ್ಬಳ್ಳಿಯಲ್ಲೋ ಇರುತ್ತಾನೆ. 2024ರ ಕೊನೆಯವರೆಗೂ ಮೊದಲ ಕಂತು ಬಂದ ದಿನವೇ ನನಗೆ ಫೋನು ಬರುತ್ತಿತ್ತು: "ಅಕ್ಕಾ, ಇದೇನು ನೂರಕ್ಕೆ ಐದು ಹಿಡಿದುಕೊಂಡಿದ್ದಾರೆ?"

ಉಡುಪಿಯ ಎಂ.ಜಿ.ಎಂ. ಕಾಲೇಜಿನಲ್ಲಿ ಬಿ.ಕಾಂ. ಮುಗಿಸಿ 1983ರಲ್ಲಿ ಮದುವೆಯಾಗಿ ಇಲ್ಲಿಗೆ ಬಂದವಳು ನಾನು. ಕಂಪನಿಯೊಂದರ ಲೆಕ್ಕಪತ್ರ ವಿಭಾಗದಲ್ಲಿ ಸೇರಿದೆ, ಹೆಚ್ಚಿನ ಕಾಲ ನೌಕರರ ಪೆನ್ಷನ್ ನಿಧಿಯ ಕೆಲಸವನ್ನೇ ಮಾಡಿದೆ. ಈಗ ನಿವೃತ್ತಳಾದರೂ ಫೈಲುಗಳು ನಮ್ಮ ಊಟದ ಮೇಜಿಗೆ ಬರುವುದು ನಿಂತಿಲ್ಲ. ಆ ಐದು ಶೇಕಡಾ ಬಗ್ಗೆ ಸಿಟ್ಟಾಗುತ್ತಿದ್ದವರಿಗೆ ನಾನು ಅದರ ಹಿಂದಿನ ಕಥೆ ಹೇಳುತ್ತಿದ್ದೆ. ದಾರಿಯಲ್ಲಿ ಒಂದು ಪಾಲು ಮುರಿದುಕೊಂಡು ಉಳಿದದ್ದನ್ನು ಬಿಟ್ಟುಕೊಡುವ ಕಾನೂನಿಗೂ ಮೊದಲು ಇಲ್ಲಿ ಹಣವನ್ನು ಬಿಡದೆಯೇ ಇಟ್ಟುಕೊಳ್ಳುವ ಕಾನೂನು ಇತ್ತು. ಅದನ್ನು ಅನುಭವಿಸಿದ ತಲೆಮಾರು ಹೆಚ್ಚುಕಡಿಮೆ ಹೋಗಿಬಿಟ್ಟಿದೆ. ಅವರ ಫೈಲುಗಳನ್ನು ಕಂಡವರು ಬರೆದಿಡದಿದ್ದರೆ ಅದೂ ಅವರೊಂದಿಗೇ ಹೋಗುತ್ತದೆ ಎಂದು ಇದನ್ನು ಬರೆಯುತ್ತಿದ್ದೇನೆ.

ಹೈರಿಡ್ಜ್ ಎಂದರೆ ಪಾರ್ಕ್‌ಲ್ಯಾಂಡ್ಸ್‌ನ ಒಂದು ತುಂಡು. ಒಂದು ಕಡೆ ಲಿಮುರು ರಸ್ತೆ ಮತ್ತು ಸಿಟಿ ಪಾರ್ಕಿನ ಕಾಡು, ಇನ್ನೊಂದು ಕಡೆ ನಂಬರಿನಿಂದಲೇ ಕರೆಯುವ ಪಾರ್ಕ್‌ಲ್ಯಾಂಡ್ಸ್ ಅವೆನ್ಯೂಗಳು, ಮೂರನೆಯ ಅವೆನ್ಯೂನಲ್ಲಿ 1958ರಲ್ಲಿ ತೆರೆದ ಆಗಾ ಖಾನ್ ಆಸ್ಪತ್ರೆ. ಇಂದು ಇಲ್ಲಿ ಗುಜರಾತಿ, ಪಂಜಾಬಿ, ಕೊಂಕಣಿ ಕಿವಿಗೆ ಬೀಳದ ಬೀದಿಯಿಲ್ಲ. ಡೈಮಂಡ್ ಪ್ಲಾಜಾದಲ್ಲಿ ಕರಿಬೇವು, ನುಗ್ಗೆಕಾಯಿ ಎಲ್ಲ ಸಿಗುತ್ತವೆ. ಆದರೆ ಪಾರ್ಕ್‌ಲ್ಯಾಂಡ್ಸ್ ಹುಟ್ಟಿದ್ದು ಬಿಳಿಯರ ಬಡಾವಣೆಯಾಗಿ. ಊರೊಳಗೆ ಜನಾಂಗದ ಪ್ರಕಾರ ಬಡಾವಣೆ ಹಂಚುವ ನೀತಿಯನ್ನು 1923ರ ಡೆವನ್‌ಶೈರ್ ಶ್ವೇತಪತ್ರ ಕೈಬಿಟ್ಟ ಮೇಲೆ ಭಾರತೀಯರು ನಿಧಾನವಾಗಿ ಈ ಕಡೆ ಬಂದರು. ಎತ್ತರದ ಫಲವತ್ತಾದ ಜಮೀನನ್ನು ಮಾತ್ರ ಅದೇ ಶ್ವೇತಪತ್ರ ಬಿಳಿಯರಿಗೇ ಉಳಿಸಿತ್ತು. ಮನೆ ಕಟ್ಟಬಹುದು, ಹೊಲ ಕೊಳ್ಳುವಂತಿಲ್ಲ. ನೆಲದಲ್ಲಿ ಹಾಕಲಾಗದ ಉಳಿತಾಯ ಅಂಗಡಿಗೆ, ಮಕ್ಕಳ ಓದಿಗೆ, ಪ್ರಾವಿಡೆಂಟ್ ಫಂಡಿಗೆ ಹೋಯಿತು. ನಿವೃತ್ತಿಯ ನಿಧಿ ಇಲ್ಲಿಯ ಭಾರತೀಯರಿಗೆ ಇಷ್ಟು ಮುಖ್ಯವಾದದ್ದಕ್ಕೆ ಇದೂ ಒಂದು ಕಾರಣ ಎಂದೇ ನನ್ನ ಎಣಿಕೆ.

ಭಾರತೀಯರು ಇಲ್ಲಿಗೆ ಬಂದ ಮೊದಲ ದಿನಗಳಲ್ಲಿ ದುಡ್ಡಿಗೆ ಗಡಿಯೇ ಇರಲಿಲ್ಲ. 1896ರಿಂದ 1901ರವರೆಗೆ ಮೊಂಬಾಸಾದಿಂದ ವಿಕ್ಟೋರಿಯಾ ಸರೋವರದ ದಡದವರೆಗೆ ರೈಲುಹಳಿ ಹಾಕಲು ಸುಮಾರು 32,000 ಮಂದಿಯನ್ನು ಭಾರತದಿಂದ ಕರೆತಂದಾಗ ಅವರಿಗೆ ಕೂಲಿ ಸಿಕ್ಕಿದ್ದು ರೂಪಾಯಿಯಲ್ಲಿ. ಆಫ್ರಿಕನ್ನರಿಂದ ಗುಡಿಸಲು ತೆರಿಗೆ ವಸೂಲಾದದ್ದೂ ರೂಪಾಯಿಯಲ್ಲೇ. ನೈರೋಬಿಯ ಅಂಗಡಿಯ ಗುಮಾಸ್ತ ತಾನು ಉಳಿಸಿದ ನಾಣ್ಯವನ್ನು ಊರಿಗೆ ಒಯ್ದರೆ ಅದು ಅಲ್ಲಿಯ ನಾಣ್ಯವೇ. ಒಂದನೇ ಮಹಾಯುದ್ಧದ ನಂತರ ರೂಪಾಯಿಯ ಬೆಲೆ ಏರಿತು. ರೂಪಾಯಿ ಲೆಕ್ಕದಲ್ಲಿ ಸಾಲ ಮಾಡಿದ್ದ ಬಿಳಿಯ ರೈತರು ಬೊಬ್ಬೆ ಹಾಕಿದರು. 1920ರಲ್ಲಿ ರೂಪಾಯಿಯನ್ನು ಎರಡು ಶಿಲಿಂಗ್ ಸ್ಟರ್ಲಿಂಗಿಗೆ ಕಟ್ಟಿ, ಅದರ ಜಾಗಕ್ಕೆ ಫ್ಲೋರಿನ್ ತಂದು, ಅದೂ ನಿಲ್ಲದೆ 1922ರ ಹೊತ್ತಿಗೆ ಪೂರ್ವ ಆಫ್ರಿಕಾದ ಶಿಲಿಂಗ್ ಬಂತು. ಊರಿನ ದುಡ್ಡು ಬೇರೆ, ಇಲ್ಲಿಯ ದುಡ್ಡು ಬೇರೆ ಎನ್ನುವುದು ಶುರುವಾದದ್ದು ಆಗ.

ಆದಾಯ ತೆರಿಗೆಯ ಮೊದಲ ಪ್ರಯತ್ನವೂ ಆ ಹೊತ್ತಿನದೇ. 1920ರಲ್ಲಿ ಕಾನೂನು ಮಾಡಿದರು, ಬಿಳಿಯ ವಲಸಿಗರು ಒಪ್ಪಲಿಲ್ಲ, 1922ರಲ್ಲಿ ಹಿಂತೆಗೆದುಕೊಂಡರು. ಮತ್ತೆ ಬಂದದ್ದು 1937ರಲ್ಲಿ, ಅದು ನಿಂತಿತು. ಆದರೆ ಆ ಕಾಲದ ಪೆನ್ಷನ್ ಚರಿತ್ರೆಯಲ್ಲಿ ನನ್ನನ್ನು ಹೆಚ್ಚು ಕಾಡುವುದು ತೆರಿಗೆ ಅಲ್ಲ. ಕೀನ್ಯಾದ ಕಾನೂನುಗಳ ಸಂಪುಟದಲ್ಲಿ ವಿಧವೆಯರ ಮತ್ತು ಅನಾಥರ ಪೆನ್ಷನ್ ಕಾಯ್ದೆ ಎಂದು ಒಂದಿತ್ತು. ಅದರ ಪಕ್ಕದಲ್ಲೇ, ಅಧ್ಯಾಯ 193 ಎಂಬ ಗುರುತಿನಲ್ಲಿ, ಏಷ್ಯನ್ ವಿಧವೆಯರ ಮತ್ತು ಅನಾಥರ ಪೆನ್ಷನ್ ಕಾಯ್ದೆ ಎಂದು ಬೇರೆಯೇ ಇನ್ನೊಂದು. ಅದರ ಮುಂದೆ ಏಷ್ಯನ್ ಅಧಿಕಾರಿಗಳ ಕುಟುಂಬ ಪೆನ್ಷನ್ ಕಾಯ್ದೆ. ಸರ್ಕಾರಿ ಸೇವೆ ಮೂರು ಜನಾಂಗದ ಮೂರು ಮೆಟ್ಟಿಲಾಗಿದ್ದಾಗ ಗಂಡ ಸತ್ತ ಹೆಂಗಸೂ ಜನಾಂಗದ ಪ್ರಕಾರವೇ ವಿಧವೆಯಾಗಬೇಕಿತ್ತು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಹಿರಿಯ ಸಹೋದ್ಯೋಗಿಯೊಬ್ಬರು ಆ ಪುಟ ತೆಗೆದು ತೋರಿಸಿದರು. ಅಂದು ಮನೆಗೆ ಬಂದು ಊಟ ಸೇರಲಿಲ್ಲ.

ಈ ಗುಮಾಸ್ತರ, ಅಧಿಕಾರಿಗಳ ಲೋಕದಿಂದಲೇ ಬಂದವರು ಪಿಯೋ ಗಾಮಾ ಪಿಂಟೋ. ವಸಾಹತು ಸರ್ಕಾರದ ಸೇವೆಯಲ್ಲಿದ್ದ ಗೋವಾದ ತಂದೆಯ ಮಗ, ನೈರೋಬಿಯಲ್ಲಿ 1927ರಲ್ಲಿ ಹುಟ್ಟಿದವರು. ಓದಲು ಗೋವಾಕ್ಕೆ ಹೋದವರು ಮುಂದೆ ನಮ್ಮ ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ವಿಜ್ಞಾನ ಓದಿದರು. ಇಲ್ಲಿಗೆ ಮರಳಿ ಸ್ವಾತಂತ್ರ್ಯ ಹೋರಾಟಕ್ಕೆ ಬಿದ್ದರು, ಬ್ರಿಟಿಷರ ಬಂಧನದಲ್ಲಿದ್ದರು, ಸ್ವತಂತ್ರ ಕೀನ್ಯಾದ ಸಂಸದರಾದರು. 1965ರ ಫೆಬ್ರುವರಿ 24ರಂದು ಅವರನ್ನು ಮನೆಯ ಮುಂದೆಯೇ ಗುಂಡಿಟ್ಟು ಕೊಂದರು. ಅವರ ಸಮಾಧಿ ನಮ್ಮ ಸಿಟಿ ಪಾರ್ಕಿನಲ್ಲೇ ಇದೆ, ಸ್ನೇಹಿತ ಜೋಸೆಫ್ ಮುರುಂಬಿ ಕೂಡ ಅಲ್ಲೇ ಹತ್ತಿರ ಮಲಗಿದ್ದಾರೆ. ಧಾರವಾಡದ ಕಡೆಯವರು ಯಾರಾದರೂ ಬಂದರೆ ನಾನು ಮೊದಲು ಕರೆದೊಯ್ಯುವುದು ಅಲ್ಲಿಗೆ. ಪಿಂಟೋ ಅವರ ಕುಟುಂಬ 1967ರಲ್ಲಿ ಕೆನಡಾಕ್ಕೆ ಹೊರಟುಹೋಯಿತು. ಆ ವರ್ಷಗಳಲ್ಲಿ ಹೊರಟವರು ಅವರಷ್ಟೇ ಅಲ್ಲ.

1963ರಲ್ಲಿ ಸ್ವಾತಂತ್ರ್ಯ ಬಂದಾಗ ಭಾರತೀಯ ಮೂಲದವರಿಗೆ ಎರಡು ವರ್ಷದ ಗಡುವು: ಕೀನ್ಯಾ ಪೌರತ್ವ ತೆಗೆದುಕೊಳ್ಳಿ, ಇಲ್ಲವೇ ಬ್ರಿಟಿಷ್ ಪಾಸ್‌ಪೋರ್ಟ್ ಇಟ್ಟುಕೊಳ್ಳಿ. ಬಹಳ ಮಂದಿ ಇಟ್ಟುಕೊಂಡರು. 1967ರಲ್ಲಿ ವಲಸೆ ಕಾಯ್ದೆ ಮತ್ತು ವ್ಯಾಪಾರ ಪರವಾನಗಿ ಕಾಯ್ದೆ ಬಂದು ಪೌರರಲ್ಲದವರಿಗೆ ದುಡಿಯಲು ಪರ್ಮಿಟ್ ಬೇಕಾಯಿತು. 1968ರ ಮಾರ್ಚ್ 1ರಂದು ಬ್ರಿಟನ್ ತನ್ನದೇ ಪಾಸ್‌ಪೋರ್ಟ್ ಇದ್ದ ಇವರಿಗೆ ಬಾಗಿಲು ಹಾಕಿತು, ಅದಕ್ಕೂ ಮೊದಲಿನ ವಾರಗಳಲ್ಲಿ ನೈರೋಬಿಯ ವಿಮಾನ ನಿಲ್ದಾಣದಲ್ಲಿ ಕಾಲಿಡಲು ಜಾಗವಿರಲಿಲ್ಲ. 1962ರ ಜನಗಣತಿಯಲ್ಲಿ ಕೀನ್ಯಾದ ಏಷ್ಯನ್ನರು ಸುಮಾರು 1,76,000. 1969ರಲ್ಲಿ 1,39,000. 1979ಕ್ಕೆ 78,000. ಹದಿನೇಳು ವರ್ಷದಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಇಲ್ಲವಾದರು. ಹೈರಿಡ್ಜ್‌ನ ಎಷ್ಟೋ ಮನೆಗಳು ಆಗಲೇ ಕೈ ಬದಲಿಸಿದವು.

ಜನ ಹೊರಟರು, ದುಡ್ಡು ಹೊರಡಲಿಲ್ಲ. ಹೊಸ ಸರ್ಕಾರ ಹೆದರಿದ್ದಕ್ಕೆ ಕಾರಣವಿತ್ತು, ಅದನ್ನು ಅಲ್ಲಗಳೆಯಲಾರೆ. ಅಷ್ಟು ಜನ ಒಮ್ಮೆಗೇ ಉಳಿತಾಯ ಎತ್ತಿಕೊಂಡು ಹೋದರೆ ಬಡದೇಶದ ವಿದೇಶಿ ವಿನಿಮಯ ಬರಿದಾಗುತ್ತದೆ. 1960ರ ದಶಕದ ನಡುವಿನಿಂದ ಹಣ ಹೊರಗೆ ಕಳಿಸುವುದಕ್ಕೆ ಬಿಗಿ ನಿಯಂತ್ರಣ ಬಂತು. 1966ರಲ್ಲಿ ಕೀನ್ಯಾದ ಸೆಂಟ್ರಲ್ ಬ್ಯಾಂಕ್ ಹುಟ್ಟಿತು, ಆ ಸೆಪ್ಟೆಂಬರಿನಲ್ಲಿ ಕೀನ್ಯಾದ್ದೇ ಶಿಲಿಂಗ್ ಹೊರಬಂತು. ದೇಶ ಬಿಡುವವರು ಒಂದು ಮಿತಿಯೊಳಗೆ ಒಯ್ಯಬಹುದು, ಮಿಕ್ಕದ್ದು 'ಬ್ಲಾಕ್ಡ್ ಅಕೌಂಟ್'ಗೆ. ಹಣ ನಿಮ್ಮ ಹೆಸರಿನಲ್ಲೇ ಇದೆ, ಪಾಸ್‌ಬುಕ್ಕೂ ಇದೆ, ಆದರೆ ಅನುಮತಿ ಇಲ್ಲದೆ ಒಂದು ಶಿಲಿಂಗ್ ಆಚೆ ದಾಟುವಂತಿಲ್ಲ.

ನನ್ನ ಮಾವನವರು 1948ರಲ್ಲಿ ಬಾಂಬೆಯಿಂದ ಹಡಗು ಹತ್ತಿ ಮೊಂಬಾಸಾಕ್ಕೆ ಇಳಿದವರು. ಒಂದು ವ್ಯಾಪಾರಿ ಕಂಪನಿಯಲ್ಲಿ ಗುಮಾಸ್ತಿಕೆ. 1971ರಲ್ಲಿ ನಿವೃತ್ತರಾಗಿ ಅತ್ತೆಯವರೊಂದಿಗೆ ಕಾರ್ಕಳಕ್ಕೆ ಮರಳಿದರು, ಮಗ ಇಲ್ಲಿ ಉಳಿದರು. ಪ್ರಾವಿಡೆಂಟ್ ಫಂಡಿನ ಇಡಿಗಂಟಿನ ಒಂದು ಭಾಗ ಅವರೊಂದಿಗೆ ಹೋಯಿತು, ಉಳಿದದ್ದು ನೈರೋಬಿಯಲ್ಲೇ. ಕಾರ್ಕಳದ ಮನೆಯ ಜಗಲಿಯಲ್ಲಿ ಕುಳಿತು ಅವರು ಬರೆದ ಕಾಗದಗಳ ಕಾರ್ಬನ್ ಪ್ರತಿಗಳು ನನ್ನಲ್ಲಿವೆ. "ಮಗಳ ಮದುವೆ ನಿಶ್ಚಯವಾಗಿದೆ", "ಕಣ್ಣಿನ ಆಪರೇಷನ್ ಆಗಬೇಕಿದೆ" ಎಂದು ತಮ್ಮದೇ ಹಣಕ್ಕೆ ಕಾರಣ ಕೊಡುತ್ತಾ ಹೋಗುತ್ತಾರೆ. ಒಂದು ಕಾಗದದಲ್ಲೂ ಕೋಪದ ಮಾತಿಲ್ಲ. ಪ್ರತಿಯೊಂದರ ಕೊನೆಯಲ್ಲಿ ತಮ್ಮ ವಿಧೇಯ ಎಂದು ಬರೆದು, ಅಚ್ಚುಕಟ್ಟಾಗಿ ಸಹಿ.

ಹಣಕ್ಕೆ ಹಾಕಿದ ಆ ಬೀಗದ ನಿಜವಾದ ಹಾನಿ ಏನೆಂದು ಲೆಕ್ಕ ಹಾಕಿದರೆ ಗೊತ್ತಾಗುತ್ತದೆ. 1971ರಲ್ಲಿ ಒಂದು ಡಾಲರಿಗೆ 7 ಶಿಲಿಂಗ್ 14 ಸೆಂಟ್. ರೂಪಾಯಿ ಡಾಲರಿಗೆ ಏಳೂವರೆಯ ಆಸುಪಾಸು. ಅಂದರೆ ಒಂದು ಶಿಲಿಂಗಿಗೆ ಒಂದು ರೂಪಾಯಿಗಿಂತ ಚೂರು ಹೆಚ್ಚೇ. ಆಗ 50,000 ಶಿಲಿಂಗ್ ಇದ್ದವರ ಕೈಯಲ್ಲಿ 7,000 ಡಾಲರ್ ಇತ್ತು, ಅದರಲ್ಲಿ ಕಾರ್ಕಳದಂಥ ಊರಿನಲ್ಲಿ ಮನೆಯೂ ಆಗುತ್ತಿತ್ತು, ಒಂದಿಷ್ಟು ಗದ್ದೆಯೂ. 1993ರಲ್ಲಿ ಶಿಲಿಂಗ್ ಕುಸಿಯಿತು. ವರ್ಷದ ಆರಂಭದಲ್ಲಿ ಡಾಲರಿಗೆ 36ರಷ್ಟಿದ್ದದ್ದು ಅದೇ ವರ್ಷ 60 ದಾಟಿತು. ಅದೇ 50,000 ಈಗ 850 ಡಾಲರ್ ಕೂಡ ಅಲ್ಲ. ಬಡ್ಡಿ ಒಂದಿಷ್ಟು ಸೇರಿದ್ದರೂ ಅದು ಈ ಗುಂಡಿಯನ್ನು ತುಂಬುವಂಥದ್ದಲ್ಲ. ನೂರಕ್ಕೆ ಐದಲ್ಲ, ನೂರಕ್ಕೆ ಎಂಬತ್ತೆಂಟು ಹೋಯಿತು. ಯಾರೂ ಅದನ್ನು ತೆರಿಗೆ ಎಂದು ಕರೆಯಲಿಲ್ಲ, ಯಾವ ಚೀಟಿಯಲ್ಲೂ ಅದು ನಮೂದಾಗಲಿಲ್ಲ.

ಇದರ ನಡುವೆ 1977ರಲ್ಲಿ ಕೀನ್ಯಾ, ಉಗಾಂಡಾ, ಟಾಂಜಾನಿಯಾ ಮೂರೂ ಸೇರಿ ನಡೆಸುತ್ತಿದ್ದ ಪೂರ್ವ ಆಫ್ರಿಕಾ ಸಮುದಾಯ ಮುರಿದುಬಿತ್ತು. ರೈಲು, ಬಂದರು, ಅಂಚೆ, ವಿಮಾನ ಎಲ್ಲವೂ ಅದರವು, ಆ ನೌಕರರ ಪೆನ್ಷನ್ ಹೊಣೆಯೂ. ಸ್ವಿಟ್ಜರ್ಲೆಂಡಿನ ವಿಕ್ಟರ್ ಉಂಬ್ರಿಕ್ಟ್ ವರ್ಷಗಟ್ಟಲೆ ಮಧ್ಯಸ್ಥಿಕೆ ಮಾಡಿ, 1984ರ ಮೇ 14ರಂದು ಅರುಷಾದಲ್ಲಿ ಒಪ್ಪಂದವಾಗುವವರೆಗೂ ಯಾರ ಪೆನ್ಷನ್ ಯಾರು ಕೊಡಬೇಕು ಎಂಬುದು ತೀರ್ಮಾನವಾಗಲಿಲ್ಲ.

ಈಗ ತೆರಿಗೆಗೆ ಬರುತ್ತೇನೆ. ಕೀನ್ಯಾದ ಇಂದಿನ ಆದಾಯ ತೆರಿಗೆ ಕಾಯ್ದೆ, ಅಧ್ಯಾಯ 470, ಜಾರಿಗೆ ಬಂದದ್ದು 1974ರ ಜನವರಿ 1ರಂದು. ನಿವಾಸಿಯಲ್ಲದವನಿಗೆ ಇಲ್ಲಿಂದ ಪೆನ್ಷನ್ ಕೊಡುವವರು ಕೊಡುವಾಗಲೇ ತೆರಿಗೆ ಹಿಡಿದು ಸರ್ಕಾರಕ್ಕೆ ಕಟ್ಟಬೇಕು ಎನ್ನುವುದು ಆ ಕಾಯ್ದೆಯಲ್ಲಿದೆ, ದರ ಒಟ್ಟು ಮೊತ್ತದ ನೂರಕ್ಕೆ ಐದು. ನಮ್ಮ ಊರಿನ ಟಿಡಿಎಸ್ ಇದ್ದ ಹಾಗೆ, ಒಂದು ವ್ಯತ್ಯಾಸದೊಂದಿಗೆ: ನಿವಾಸಿಯಲ್ಲದವನಿಗೆ ಅದೇ ಕೊನೆಯ ತೆರಿಗೆ, ಆಮೇಲೆ ಇಲ್ಲಿ ರಿಟರ್ನ್ ಹಾಕಿ ಲೆಕ್ಕ ಸರಿಮಾಡುವುದೇನೂ ಇಲ್ಲ. ನಿವಾಸಿ ಯಾರು ಎನ್ನುವುದನ್ನು ಪಾಸ್‌ಪೋರ್ಟ್ ಹೇಳುವುದಿಲ್ಲ. ಇಲ್ಲಿ ಖಾಯಂ ಮನೆ ಇದ್ದು ಆ ವರ್ಷ ಒಂದು ದಿನ ಇದ್ದರೂ ನೀವು ನಿವಾಸಿ. ಮನೆ ಇಲ್ಲದಿದ್ದರೆ ವರ್ಷದಲ್ಲಿ 183 ದಿನ, ಅಥವಾ ಆ ವರ್ಷವೂ ಹಿಂದಿನ ಎರಡು ವರ್ಷವೂ ಸೇರಿ ಸರಾಸರಿ 122 ದಿನಕ್ಕಿಂತ ಹೆಚ್ಚು. ಹೈರಿಡ್ಜ್‌ನ ಫ್ಲ್ಯಾಟನ್ನು ಮಾರದೆ, ಬಾಡಿಗೆಗೂ ಕೊಡದೆ, ಕೀಲಿಯನ್ನು ನೆಂಟರ ಕೈಗೆ ಕೊಟ್ಟು ಹೋಗಿ ಚಳಿಗಾಲಕ್ಕೊಮ್ಮೆ ಬಂದು ಹೋಗುವವರು ಈ ಒಂದು ದಿನದ ಮಾತನ್ನು ನೆನಪಿಡಬೇಕು.

ಈ ಐದು ಶೇಕಡಾ ಯಾರಿಗೆ ಭಾರ, ಯಾರಿಗೆ ಹಗುರ ಎನ್ನುವುದನ್ನು ಸಿಟ್ಟಿನಲ್ಲಿ ಯಾರೂ ನೋಡುವುದಿಲ್ಲ. 2024ರ ಕೊನೆಯವರೆಗೆ ಇದ್ದ ನಿಯಮ ಹೇಳುತ್ತೇನೆ. ಇಲ್ಲೇ ಇರುವ ನಿವೃತ್ತನಿಗೆ ತಿಂಗಳಿಗೆ 25,000 ಶಿಲಿಂಗ್‌ವರೆಗಿನ ಪೆನ್ಷನ್‌ಗೆ ತೆರಿಗೆ ಇರಲಿಲ್ಲ, 65 ದಾಟಿದವನ ಮಾಸಿಕ ಪೆನ್ಷನ್‌ಗೆ ಪೂರ್ತಿ ವಿನಾಯಿತಿ. ಅರವತ್ತರ ಗುಮಾಸ್ತನಿಗೆ 40,000 ಪೆನ್ಷನ್ ಎಂದಿಟ್ಟುಕೊಳ್ಳಿ. ನೈರೋಬಿಯಲ್ಲಿದ್ದರೆ ತೆರಿಗೆಗೆ ಸಿಗುವುದು 15,000, ಹತ್ತು ಶೇಕಡಾದಂತೆ 1,500, ಪ್ರತಿಯೊಬ್ಬನಿಗೂ ಇರುವ ತಿಂಗಳಿಗೆ 2,400ರ ರಿಯಾಯಿತಿಯಲ್ಲಿ ಅದೂ ವಜಾ. ಕಟ್ಟಬೇಕಾದ್ದು ಸೊನ್ನೆ. ಅದೇ ಗುಮಾಸ್ತ ಕಾರ್ಕಳಕ್ಕೆ ಹೋದರೆ ಮೊದಲ ಶಿಲಿಂಗಿನಿಂದಲೇ ಐದು ಶೇಕಡಾ, ಅಂದರೆ 2,000. ಇನ್ನು ಅದೇ ವಯಸ್ಸಿನ, ಕಂಪನಿಯ ದೊಡ್ಡ ಮ್ಯಾನೇಜರು, ಪೆನ್ಷನ್ 1,50,000. ಇಲ್ಲಿದ್ದರೆ ಅವರು ಕಟ್ಟಬೇಕಿದ್ದದ್ದು ತಿಂಗಳಿಗೆ ಹೆಚ್ಚುಕಡಿಮೆ 30,000. ದೇಶ ಬಿಟ್ಟರೆ 7,500. ಹೊರಟುಹೋಗುವುದರಿಂದ ದೊಡ್ಡವರು ಗೆದ್ದರು, ಸಣ್ಣವರು ಸೋತರು. ಈ ಐದು ಶೇಕಡಾ ಮೇಲೆ ನನಗಿದ್ದ ಆಕ್ಷೇಪ ಇದೊಂದೇ, ಮತ್ತು ಇದು ಸಣ್ಣ ಆಕ್ಷೇಪವಲ್ಲ. ಫೋನು ಮಾಡಿ ಬಯ್ಯುತ್ತಿದ್ದವರು ಹೆಚ್ಚಾಗಿ ಮ್ಯಾನೇಜರುಗಳು. ಗುಮಾಸ್ತರು ಸುಮ್ಮನಿರುತ್ತಿದ್ದರು.

ಆದರೂ ನಾನು ಆ ಐದನ್ನು ಬೀಗಕ್ಕೆ ಹೋಲಿಸಲು ಒಪ್ಪುವುದಿಲ್ಲ. 1995 ನೈರೋಬಿಯ ಹಣದ ಚರಿತ್ರೆಯಲ್ಲಿ ದೊಡ್ಡ ವರ್ಷ. ಜುಲೈ 1ರಂದು ಕೀನ್ಯಾ ಕಂದಾಯ ಪ್ರಾಧಿಕಾರ ಶುರುವಾಯಿತು, ತೆರಿಗೆ ವಸೂಲಿ ಒಂದೇ ಕೈಗೆ ಬಂತು. ಅದೇ ವರ್ಷದ ಡಿಸೆಂಬರಿನಲ್ಲಿ ವಿದೇಶಿ ವಿನಿಮಯ ನಿಯಂತ್ರಣ ಕಾಯ್ದೆಯೇ ರದ್ದಾಯಿತು. ತಡೆದು ಹಿಡಿಯುವ ಕಾನೂನು ಹೋಗಿ, ಮುರಿದುಕೊಂಡು ಬಿಡುವ ಕಾನೂನೊಂದೇ ಉಳಿಯಿತು. ಬ್ಯಾಂಕಿನ ಕೌಂಟರಿನಲ್ಲಿ ಫಾರ್ಮ್ ತುಂಬಿ ಊರಿಗೆ ಹಣ ಕಳಿಸುವಾಗ ಯಾರೂ ಮಗಳ ಮದುವೆಯ ಕಾರಣ ಕೇಳಲಿಲ್ಲ. ಮಾವನವರು ಅದನ್ನು ನೋಡಲು ಇರಲಿಲ್ಲ. 1997ರಲ್ಲಿ ನಿವೃತ್ತಿ ಸೌಲಭ್ಯಗಳ ಕಾಯ್ದೆ ಬಂದು ಪೆನ್ಷನ್ ನಿಧಿಗಳ ಮೇಲೆ ಒಂದು ಪ್ರಾಧಿಕಾರ ಕುಳಿತಿತು. ಅಲ್ಲಿಯವರೆಗೆ ಎಷ್ಟೋ ಕಂಪನಿಗಳಲ್ಲಿ ನಿಧಿಯ ಹಣ ಮಾಲೀಕರ ವ್ಯಾಪಾರದೊಳಗೇ ಸುತ್ತುತ್ತಿತ್ತು. ಹೊಸ ನಿಯಮ ಬಂದಾಗ ಟ್ರಸ್ಟಿಗಳು ಬೇರೆ, ಹಣ ಹೂಡುವವರು ಬೇರೆ, ಹಣ ಕಾಯುವವರು ಬೇರೆ ಎಂದಾಯಿತು. ನಮ್ಮ ವಿಭಾಗದಲ್ಲಿ ರಾತ್ರಿಯವರೆಗೂ ಕುಳಿತು ಹಳೆಯ ಸದಸ್ಯರ ಪಟ್ಟಿ ತಯಾರಿಸಿದ ದಿನಗಳವು. ಆ ಕೆಲಸದ ಬಗ್ಗೆ ನನಗೆ ಇಂದಿಗೂ ಹೆಮ್ಮೆಯಿದೆ.

ನಿವೃತ್ತಿಯ ವಯಸ್ಸಿಗೆ ಮೊದಲೇ ಕೆಲಸ ಬಿಟ್ಟವನಿಗೆ ಮಾಲೀಕರು ಕಟ್ಟಿದ ಪಾಲು ಪೂರ್ತಿ ಕೈಗೆ ಸಿಗುವುದಿಲ್ಲ. ಇದಕ್ಕೆ ಒಂದು ಹೊರದಾರಿ ದೇಶ ಬಿಡುವವರಿಗಿದೆ: ಮರಳಿ ಬಂದು ನೆಲೆಸುವ ಉದ್ದೇಶವಿಲ್ಲದೆ ಹೋಗುತ್ತಿದ್ದೇನೆ ಎಂದು ತೋರಿಸಿದರೆ ಪೂರ್ತಿ ಹಣ. 1965ರಲ್ಲಿ ಶುರುವಾದ ರಾಷ್ಟ್ರೀಯ ಸಾಮಾಜಿಕ ಭದ್ರತಾ ನಿಧಿ, ಅಂದರೆ ಎನ್‌ಎಸ್‌ಎಸ್‌ಎಫ್‌ನಲ್ಲೂ ದೇಶಾಂತರ ಹೋಗುವವರಿಗೆ ಪ್ರತ್ಯೇಕ ಸೌಲಭ್ಯವಿದೆ. ಹಳೆಯ ಎನ್‌ಎಸ್‌ಎಸ್‌ಎಫ್ ಕಂತು ಬಹಳ ಸಣ್ಣದು, ನೌಕರನಿಂದ ತಿಂಗಳಿಗೆ 200 ಶಿಲಿಂಗ್, ಮಾಲೀಕನಿಂದ 200. ಅಷ್ಟಕ್ಕಾಗಿ ಕಚೇರಿ ಅಲೆಯುವುದೇಕೆ ಎಂದು ನಮ್ಮವರು ಕೇಳದೆಯೇ ಹೋಗಿಬಿಡುತ್ತಿದ್ದರು. 2013ರ ಕಾಯ್ದೆ ನ್ಯಾಯಾಲಯದ ಮೆಟ್ಟಿಲಿನಲ್ಲಿ ವರ್ಷಗಟ್ಟಲೆ ನಿಂತು 2023ರ ಫೆಬ್ರುವರಿಯಲ್ಲಿ ಜಾರಿಯಾದ ಮೇಲೆ ಸಂಬಳದ ಆರು ಶೇಕಡಾ ಆಯಿತು. ಈಗ ಅದನ್ನು ಬಿಟ್ಟುಹೋಗುವುದು ದಡ್ಡತನ. ಹೊರಡುವ ಮೊದಲೇ ಅರ್ಜಿ ಹಾಕಬೇಕು, ತೆರಿಗೆಯ ಪಿನ್ ನಂಬರನ್ನು ಜೀವಂತವಾಗಿಡಬೇಕು, ನಾಮಿನಿಯ ಹೆಸರು ಸರಿಯಿದೆಯೇ ನೋಡಬೇಕು. ನಮ್ಮ ಕಟ್ಟಡದಲ್ಲೇ ಇದ್ದ ಒಬ್ಬರು ಊರಿಗೆ ಹೋದ ಮೇಲೆ ತೀರಿಕೊಂಡರು. ಫೈಲಿನಲ್ಲಿ ನಾಮಿನಿಯಾಗಿ ಅವರ ತಾಯಿಯ ಹೆಸರೇ ಉಳಿದಿತ್ತು, ಆ ತಾಯಿ ಮೊದಲೇ ಹೋಗಿದ್ದರು. ಹೆಂಡತಿ ಶಿವಮೊಗ್ಗದಲ್ಲಿ ಕುಳಿತು ನೈರೋಬಿಯ ವಕೀಲರಿಗೆ ಫೀಸು ಕಳಿಸಿ ಕಳಿಸಿ ಸುಸ್ತಾದರು.

ಊರಿನ ಕಡೆಯ ಲೆಕ್ಕ ಬೇರೆ. ಭಾರತ ಮತ್ತು ಕೀನ್ಯಾ ನಡುವೆ ಎರಡು ಕಡೆ ತೆರಿಗೆ ಬೀಳದಂತೆ ಒಪ್ಪಂದ 1985ರಿಂದಲೇ ಇತ್ತು. ಅದನ್ನು ಹೊಸದಾಗಿ ಬರೆದು 2016ರ ಜುಲೈ 11ರಂದು, ಪ್ರಧಾನಿ ಮೋದಿ ನೈರೋಬಿಗೆ ಬಂದಿದ್ದಾಗ, ಸಹಿ ಹಾಕಿದರು. 2017ರ ಆಗಸ್ಟ್ 30ಕ್ಕೆ ಅದು ಜಾರಿ. ಊರಿಗೆ ಮರಳಿದವರಿಗೆ ಮೊದಲ ಒಂದೆರಡು ವರ್ಷ ಆರಾಮ: ಬಹುಕಾಲ ಹೊರಗಿದ್ದವರನ್ನು ಭಾರತದ ಕಾನೂನು ಸಾಮಾನ್ಯ ನಿವಾಸಿ ಎಂದು ಒಮ್ಮೆಗೇ ಎಣಿಸುವುದಿಲ್ಲ, ಹೊರದೇಶದಲ್ಲೇ ಕೈಸೇರಿದ ಪೆನ್ಷನ್‌ಗೆ ಆಗ ಅಲ್ಲಿ ತೆರಿಗೆ ಇರುವುದಿಲ್ಲ. ಆ ಅವಧಿ ಮುಗಿದ ಮೇಲೆ ಜಗತ್ತಿನ ಯಾವ ಮೂಲೆಯ ಆದಾಯವೂ ಲೆಕ್ಕಕ್ಕೆ ಬರುತ್ತದೆ. ಒಪ್ಪಂದ ಒಪ್ಪುವ ಮಟ್ಟಿಗೆ, ಇಲ್ಲಿ ಹಿಡಿದ ಐದನ್ನು ಅಲ್ಲಿ ವಜಾ ಮಾಡಿಸಿಕೊಳ್ಳಬಹುದು. ಅದಕ್ಕೆ ಬೇಕಾದ್ದು ತೆರಿಗೆ ಹಿಡಿದ ಪ್ರಮಾಣಪತ್ರ ಮತ್ತು ಫಾರ್ಮ್ 67 ಎಂದು ನಾವು ಇಷ್ಟು ವರ್ಷ ಕರೆದ ಕಾಗದ. ನಾನು ಪ್ರತಿಯೊಬ್ಬರಿಗೂ ಹೇಳುತ್ತಿದ್ದದ್ದು ಇದನ್ನೇ: ಆ ಐದು ಕಳೆದುಹೋದ ಹಣವಲ್ಲ, ಚೀಟಿ ಜೋಪಾನವಾಗಿದ್ದರೆ ಊರಿನಲ್ಲಿ ನೀವು ಕಟ್ಟಬೇಕಾದ ತೆರಿಗೆಯ ಒಂದು ಭಾಗ ಆಗಲೇ ಕಟ್ಟಿದಂತೆ.

ಹೊರಡುವವರಷ್ಟೇ ಅಲ್ಲ, ಬರುವವರೂ ಇದ್ದಾರೆ. ಮಗನೋ ಮಗಳೋ ಇಲ್ಲಿರುವ ಕಾರಣ ಊರಿನ ಶಾಲಾ ಮಾಸ್ತರು, ಬ್ಯಾಂಕಿನವರು, ವಿದ್ಯುತ್ ಮಂಡಳಿಯಲ್ಲಿ ದುಡಿದವರು ನಿವೃತ್ತರಾಗಿ ಹೈರಿಡ್ಜ್‌ಗೆ ಬಂದು ಕೂರುತ್ತಾರೆ. ಸಂಜೆ ಸಿಟಿ ಪಾರ್ಕಿನಲ್ಲಿ ಅವರ ಗುಂಪು ಕಾಣುತ್ತದೆ. ಅವರ ಪೆನ್ಷನ್ ಕರ್ನಾಟಕದಲ್ಲಿ ಜಮೆಯಾಗುತ್ತದೆ, ಟಿಡಿಎಸ್ ಅಲ್ಲೇ ಹಿಡಿಯುತ್ತಾರೆ. ನವೆಂಬರ್ ಬಂತೆಂದರೆ ಬದುಕಿದ್ದೇನೆ ಎಂದು ತೋರಿಸುವ ಪತ್ರಕ್ಕೆ ಹರಂಬೀ ಅವೆನ್ಯೂನ ನಮ್ಮ ಹೈಕಮಿಷನ್ ಕಡೆ ಹೊರಡುತ್ತಾರೆ. ಈಚೆಗೆ ಮುಖವನ್ನೇ ಫೋನಿಗೆ ತೋರಿಸಿ ಮಾಡಿಸಬಹುದಾದರೂ ಹಿರಿಯರು ರುಜು ಮತ್ತು ಮೊಹರು ಇಲ್ಲದ ಪತ್ರವನ್ನು ನಂಬುವುದಿಲ್ಲ. ಎರಡು ದೇಶಗಳ ನಡುವೆ ಸಾಮಾಜಿಕ ಭದ್ರತೆಯ ಒಪ್ಪಂದ ಇಲ್ಲ. ಇಲ್ಲಿ ಹದಿನೈದು ವರ್ಷ ಕಟ್ಟಿದ ಕಂತು ಊರಿನ ಇಪಿಎಫ್ ಸೇವಾವಧಿಗೆ ಸೇರುವುದಿಲ್ಲ, ಅಲ್ಲಿಯದು ಇಲ್ಲಿಗೆ ಸೇರುವುದಿಲ್ಲ. ಬೆಲ್ಜಿಯಂ, ಜರ್ಮನಿಯಂಥ ದೇಶಗಳೊಂದಿಗೆ ಭಾರತ ಅಂಥ ಒಪ್ಪಂದ ಮಾಡಿಕೊಂಡಿದೆ. ನೂರಿಪ್ಪತ್ತೈದು ವರ್ಷದಿಂದ ನಮ್ಮ ಜನ ದುಡಿಯುತ್ತಿರುವ ಕೀನ್ಯಾದೊಂದಿಗೆ ಇಲ್ಲ.

2024ರ ಡಿಸೆಂಬರ್ 27ರಿಂದ ಇಲ್ಲಿಯ ಕಾನೂನು ಬದಲಾಯಿತು. ನೋಂದಾಯಿತ ನಿಧಿಯಿಂದ, ನಿವೃತ್ತಿಯ ವಯಸ್ಸು ತಲುಪಿದವರು ಪಡೆಯುವ ಸೌಲಭ್ಯಕ್ಕೆ ಆದಾಯ ತೆರಿಗೆಯಿಂದ ವಿನಾಯಿತಿ. ಅನಾರೋಗ್ಯದಿಂದ ಮೊದಲೇ ಬಿಟ್ಟವರಿಗೂ, ನಿಧಿಗೆ ಸೇರಿ ಇಪ್ಪತ್ತು ವರ್ಷ ಕಳೆದ ಮೇಲೆ ತೆಗೆದವರಿಗೂ ಅದು ಅನ್ವಯ. ಅಂದು ಸಂಜೆ ನನ್ನ ಫೋನಿಗೆ ಬಿಡುವಿರಲಿಲ್ಲ, ಎಲ್ಲರ ದನಿಯಲ್ಲೂ ಸಂಭ್ರಮ. 40,000ದ ಗುಮಾಸ್ತನ ಮಟ್ಟಿಗೆ ನನಗೂ ಖುಷಿಯಾಯಿತು. ಆದರೆ ಊರಿನಲ್ಲಿ ಸಾಮಾನ್ಯ ನಿವಾಸಿಯಾಗಿ ಆಗಲೇ ನೆಲೆಸಿದವರಿಗೆ ನಾನು ಇನ್ನೊಂದು ಬದಿಯನ್ನೂ ತೋರಿಸಬೇಕಾಯಿತು. ಇಲ್ಲಿ ಹಿಡಿಯದಿದ್ದರೆ ಅಲ್ಲಿ ತೋರಿಸಲು ಚೀಟಿಯಿಲ್ಲ, ವಜಾ ಇಲ್ಲ, ಭಾರತದ ತೆರಿಗೆ ಪೂರ್ತಿ ಬೀಳುತ್ತದೆ. ಕೀನ್ಯಾ ಬಿಟ್ಟುಕೊಟ್ಟದ್ದು ನಿವೃತ್ತನ ಕೈಗೆ ಬಾರದೆ ದೆಹಲಿಯ ಖಜಾನೆಗೆ ಸೇರುತ್ತದೆ.

ಹಣ ಇನ್ನೂ ನಿಧಿಯಲ್ಲೇ ಬೆಳೆಯುತ್ತಿದ್ದು, ಒಡೆಯ ಮಾತ್ರ ಊರಿಗೆ ಹೋಗಿರುವ ಪ್ರಸಂಗ ಇನ್ನೂ ತೊಡಕಿನದು. ಕೈಗೆ ಬಾರದ ಬೆಳವಣಿಗೆಯ ಮೇಲೆ ಭಾರತ ವರ್ಷವರ್ಷವೂ ತೆರಿಗೆ ಕೇಳಿದರೆ, ಇಲ್ಲಿಯ ಕಾನೂನು ತೆಗೆಯುವ ದಿನದ ಲೆಕ್ಕವನ್ನೇ ಹಿಡಿದರೆ, ಎರಡೂ ಕಡೆಯ ವರ್ಷಗಳು ಒಂದಕ್ಕೊಂದು ಕೂಡುವುದಿಲ್ಲ. ಈ ತೊಡಕು ದೆಹಲಿಗೆ ಗೊತ್ತಿಲ್ಲದ್ದಲ್ಲ. ಅದಕ್ಕೆಂದೇ 1961ರ ಕಾಯ್ದೆಗೆ 2021ರಲ್ಲಿ 89ಎ ಎಂಬ ಕಲಮು ಸೇರಿಸಿ, ಹೊರದೇಶದ ನಿವೃತ್ತಿ ಖಾತೆಗೆ ಹಣ ತೆಗೆದ ವರ್ಷದಲ್ಲೇ ತೆರಿಗೆ ಹಾಕುವ ಆಯ್ಕೆ ಕೊಟ್ಟರು. 2022ರ ಏಪ್ರಿಲ್ 4ರ ಅಧಿಸೂಚನೆ ಆ ಸೌಲಭ್ಯವಿರುವ ದೇಶಗಳನ್ನು ಹೆಸರಿಸಿತು: ಅಮೆರಿಕ, ಬ್ರಿಟನ್, ಕೆನಡಾ. ನೈರೋಬಿಯಿಂದ 1968ರಲ್ಲಿ ಲಂಡನ್ನಿಗೆ ಹೋಗಿ ಅಲ್ಲಿ ದುಡಿದು, ಈಗ ಮುಪ್ಪಿನಲ್ಲಿ ಭಾರತಕ್ಕೆ ಬಂದವನಿಗೆ ಅದು ಸಿಗುತ್ತದೆ. ಹೈರಿಡ್ಜ್‌ನಲ್ಲೇ ಉಳಿದು ದುಡಿದು ಊರಿಗೆ ಮರಳಿದ ಅವನ ತಮ್ಮನಿಗೆ ಸಿಗುವುದಿಲ್ಲ. ಪಟ್ಟಿಗೆ ಒಂದು ದೇಶ ಸೇರಿಸಲು ಸಂಸತ್ತಿಗೂ ಹೋಗಬೇಕಿಲ್ಲ, ಇನ್ನೊಂದು ಅಧಿಸೂಚನೆ ಸಾಕು. ನಮ್ಮ ಸಂಸದರು, ಅದರಲ್ಲೂ ಕರಾವಳಿಯವರು, ಈ ಒಂದು ಸಾಲನ್ನು ಹಣಕಾಸು ಸಚಿವಾಲಯದ ಮುಂದಿಟ್ಟು ಕೇಳಬೇಕು.